ಚಿನ್ನದ ಗಣಿಗೆ ಬಂದ ಕರೆಂಟು ನಮ್ಮ ಮನೆಗೆ ಬಂದ ಬಗೆ



ಕೋಲಾರ ಜಿಲ್ಲೆಯ ಇತಿಹಾಸ ಎಂದೊಡನೆ ಗಂಗರು, ಕೋಲಾರಮ್ಮನ ಗುಡಿ, ಬೂದಿಕೋಟೆಯಲ್ಲಿ ಜನಿಸಿದ ಹೈದರಲಿ, ಚಿನ್ನದ ಗಣಿ ಇವಿಷ್ಟು ನಿಮ್ಮ ನೆನಪಿಗೆ ಬರುತ್ತವೆ. ವಿದ್ಯುತ್ತಿನ ಇತಿಹಾಸದಲ್ಲಿಯೂ ನಮ್ಮ ಜಿಲ್ಲೆಗೆ ಮೊದಲ ಸಾಲಿನ ಸ್ಥಾನವಿದೆ ಎಂಬುದು ಪಠ್ಯಪುಸ್ತಕದಲ್ಲಿ ಒಂದು ವಾಕ್ಯವಾಗಿ ಬಂದು ಹೋಗುತ್ತದೆ. ಅದನ್ನು ಸ್ವಲ್ಪ ನಿಂತು ನೋಡೋಣ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆ.ಜಿ.ಎಫ್. ಗಣಿಗಳ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದವು. ಸೌದೆ, ಕಲ್ಲಿದ್ದಲಿನ ಖರ್ಚು ವಿಪರೀತವಾಗಿತ್ತು. ಮೈಸೂರು ಸಂಸ್ಥಾನದ ಇಂಜಿನಿಯರ್ ಜೋಲಿ ಡಿ ಲೋತ್ಬಿನಿಯರ್ ಅವರು ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ ಗಣಿಗೆ ತರುವ ಯೋಜನೆಯನ್ನು ಮುಂದಿಟ್ಟರು. ದಿವಾನ್ ಶೇಷಾದ್ರಿ ಅಯ್ಯರ್ ಅದಕ್ಕೆ ಬೆಂಬಲವಾಗಿ ನಿಂತರು. ಅಯ್ಯರ್ ಅವರು 1901ರಲ್ಲಿ ತೀರಿಕೊಂಡರು. ವಿದ್ಯುತ್ತು ಗಣಿ ಮುಟ್ಟಿದ್ದು 1902ರ ಜೂನ್ 30ರಂದು. ಸುಮಾರು 92 ಮೈಲಿ ಉದ್ದದ ಆ ತಂತಿ ಮಾರ್ಗ ಅಂದು ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಒಂದಾಗಿತ್ತು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಮೂರು ವರ್ಷದ ನಂತರ, 1905ರ ಆಗಸ್ಟ್ 5ರಂದು.

ಆದರೆ ಈ ಹೆಮ್ಮೆಯಲ್ಲಿ ಒಂದು ಮಾತನ್ನು ಮರೆಯಬಾರದು. ಅಂದು ಕರೆಂಟು ಬಂದದ್ದು ಗಣಿಯ ಯಂತ್ರಕ್ಕೇ ಹೊರತು ಬಡವರ ಮನೆಗಲ್ಲ. ತಂತಿಯ ಕೆಳಗಿದ್ದ ಹಳ್ಳಿಗಳಲ್ಲಿ ಹಳೆಯ ಎಣ್ಣೆ ದೀಪ, ಬುಡ್ಡಿ, ಲಾಂದ್ರಗಳೇ ಉಳಿದವು. 1948ರಲ್ಲಿ ಜೋಗದ ವಿದ್ಯುದಾಗಾರ, 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ, 1960ರ ದಶಕದಲ್ಲಿ ಶರಾವತಿ ಯೋಜನೆ ಇವೆಲ್ಲ ಬಂದ ಮೇಲೆಯೇ ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನ ಹಳ್ಳಿಗಳ ಕಡೆಗೆ ಕಂಬಗಳು ಹೆಚ್ಚು ಹೆಚ್ಚಾಗಿ ನಡೆದವು. 2002ರಿಂದ ನಮ್ಮ ಜಿಲ್ಲೆ ಬೆಸ್ಕಾಂ ವ್ಯಾಪ್ತಿಯಲ್ಲಿದೆ. ಆದರೂ ಜನರ ಬಾಯಲ್ಲಿ ಇಂದಿಗೂ ಅದು 'ಕೆ.ಇ.ಬಿ.'ಯೇ!

ಕರೆಂಟು ಮನೆಯೊಳಗೆ ಬಂದಾಗ ಅದರ ಜೊತೆಗೆ ಒಬ್ಬ ಹೊಸ ಕಸುಬುದಾರನೂ ಬಂದ. ಬಡಗಿ, ಗಾರೆಯವರ ಸಾಲಿಗೆ ಸೇರಿದ ಬಿಜ್ಲಿ ಮಿಸ್ತ್ರಿ. ಉರ್ದುವಿನ 'ಬಿಜ್ಲಿ', ಸಂಸ್ಕೃತದಿಂದ ಬಂದ 'ವಿದ್ಯುತ್' ಎರಡಕ್ಕೂ ಮಿಂಚು ಎಂಬ ಅರ್ಥವೂ ಇದೆ. ನಾವು ಮಿಂಚನ್ನೇ ಗೋಡೆಯೊಳಗೆ ಕಟ್ಟಿಕೊಂಡಿದ್ದೇವೆ. ಮರದ ಪಟ್ಟಿಯ ಮೇಲೆ ತಂತಿ ಹೊಡೆದು, ಪಿಂಗಾಣಿ ಫ್ಯೂಸ್ ಕೂರಿಸುತ್ತಿದ್ದ ಆ ಕಾಲದ ಉಸ್ತಾದರ ಕೈಕೆಳಗೆ ಶಾಗಿರ್ದರು ವರ್ಷಗಟ್ಟಲೆ ದುಡಿದು ಕೆಲಸ ಕಲಿಯುತ್ತಿದ್ದರು. ಎರಡು ಬಲ್ಬು, ಒಂದು ರೇಡಿಯೋ ಇದ್ದ ಮನೆಗೆ ಆ ವಿದ್ಯೆ ಸಾಕಾಗಿತ್ತು. ಇಂದು ಅದೇ ಹಳೆಯ ತಂತಿಯ ಮೇಲೆ ಗೀಸರ್, ಮಿಕ್ಸಿ, ಫ್ರಿಜ್, ಬೋರ್‌ವೆಲ್ ಮೋಟಾರ್ ಎಲ್ಲವನ್ನೂ ಹೇರುತ್ತೇವೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತಿಬಿಡುತ್ತೇವೆ. ಆಮೇಲೆ ಸುಡುವುದು ಫ್ಯೂಸ್ ಅಲ್ಲ, ಗೋಡೆಯೊಳಗಿನ ವೈರು.

ಕಾನೂನು ಈ ಕಸುಬನ್ನು ಬಹಳ ಹಿಂದೆಯೇ ಗಂಭೀರವಾಗಿ ಪರಿಗಣಿಸಿತು. 1910ರ ಭಾರತೀಯ ವಿದ್ಯುತ್ ಅಧಿನಿಯಮದ ಕೆಳಗೆ ಬಂದ 1956ರ ನಿಯಮಗಳು, ಮನೆಯ ವೈರಿಂಗನ್ನು ಪರವಾನಗಿ ಪಡೆದ ಗುತ್ತಿಗೆದಾರನೇ ಮಾಡಿಸಬೇಕು, ಅರ್ಹತಾ ಪತ್ರವಿರುವವನ ಮೇಲ್ವಿಚಾರಣೆ ಇರಬೇಕು ಎಂದವು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸಕ್ಕೆ ಮಾತ್ರ ವಿನಾಯಿತಿ ಇತ್ತು. 2003ರ ಹೊಸ ಕಾಯ್ದೆಯ ನಂತರ ಬಂದ ಸುರಕ್ಷತಾ ನಿಯಮಗಳಲ್ಲಿಯೂ ಪರವಾನಗಿಯ ಈ ತತ್ವ ಉಳಿದಿದೆ. ಆದರೆ ಕಾಗದದ ಮೇಲೆ ಸಹಿ ಒಬ್ಬರದು, ಗೋಡೆ ಕೊರೆಯುವ ಕೈ ಇನ್ನೊಬ್ಬರದು ಎನ್ನುವುದು ಹಲವೆಡೆ ನಡೆಯುತ್ತಿರುವ ಸಂಗತಿ. ಮನೆಯ ಮುಖ ನೋಡದೆ ಕೊಟ್ಟ ಪರೀಕ್ಷಾ ವರದಿಯಿಂದ ಮೀಟರ್ ಬರಬಹುದು, ರಕ್ಷಣೆ ಬರುವುದಿಲ್ಲ.

ಆದ್ದರಿಂದ ಕೆಲಸಕ್ಕೆ ಕರೆಯುವಾಗ ದಿನಗೂಲಿ ಎಷ್ಟು ಎಂದು ಕೇಳುವ ಮೊದಲು ಪರವಾನಗಿ ಇದೆಯೇ ಎಂದು ಕೇಳಿ. ವೈರ್‌ಮನ್‌ಗಳಿಗೆ, ಗುತ್ತಿಗೆದಾರರಿಗೆ ಪ್ರತ್ಯೇಕ ಪತ್ರಗಳಿರುತ್ತವೆ. ನಮ್ಮ ಮೊಹಲ್ಲಾದ ಹುಡುಗ, ಹೇಗೆ ಕೇಳುವುದು ಎಂಬ ಸಂಕೋಚ ಬೇಡ. ಕೆಲಸ ಮುಗಿದ ಮೇಲೆ ಮೆಗ್ಗರ್ ಇಟ್ಟು ವೈರಿನ ನಿರೋಧ ಪರೀಕ್ಷಿಸಲು ಹೇಳಿ. ಅದು 500 ವೋಲ್ಟಿನಲ್ಲಿ ಕನಿಷ್ಠ 1 ಮೆಗಓಮ್ ತೋರಿಸಬೇಕು. ಮೆಗ್ಗರ್ ಎಂದರೇನು ಎಂದು ಅವನೇ ನಿಮ್ಮನ್ನು ಕೇಳಿದರೆ ಬೇರೆಯವರನ್ನು ಹುಡುಕಿ.

ಇಲ್ಲಿ ವಿದ್ಯಾರ್ಥಿಗಳು ಒಂದು ವಿಷಯವನ್ನು ಚೆನ್ನಾಗಿ ತಿಳಿಯಬೇಕು. ಫ್ಯೂಸ್ ಆಗಲಿ ಎಂ.ಸಿ.ಬಿ. ಆಗಲಿ ವೈರನ್ನು ಕಾಯುತ್ತದೆ, ಮನುಷ್ಯನನ್ನಲ್ಲ. 5 ಆಂಪಿಯರ್ ಫ್ಯೂಸ್ ಕರಗುವ ಎಷ್ಟೋ ಮೊದಲು, ಅದರ ಐವತ್ತನೆಯ ಒಂದು ಭಾಗ ಎದೆಯ ಮೂಲಕ ಹರಿದರೂ ಪ್ರಾಣ ಹೋಗಬಹುದು. 30 ಮಿಲಿ ಆಂಪಿಯರ್ ಸೋರಿಕೆಗೇ ತಟ್ಟನೆ ಬೀಳುವ ಆರ್.ಸಿ.ಸಿ.ಬಿ. ಎಂಬ ಸಾಧನ ಮನುಷ್ಯನಿಗಾಗಿ ಇರುವುದು. ಮಾರ್ಬಲ್‌ಗೆ ಸಾವಿರಾರು ರೂಪಾಯಿ ಸುರಿಯುವವರು ಇದರ ಬೆಲೆಗೆ ಚೌಕಾಶಿ ಮಾಡುತ್ತಾರೆ. ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ವಿದ್ಯುದಾಘಾತದಿಂದ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಅಂಕಿಗಳು ಹೇಳುತ್ತವೆ. ಬಟ್ಟೆ ಒಣಹಾಕುವ ಕಬ್ಬಿಣದ ತಂತಿಯನ್ನು ಕರೆಂಟಿನ ಪೈಪಿಗೆ ಕಟ್ಟಿದ್ದು, ಸಹರಿ ಹೊತ್ತಿನಲ್ಲಿ ನೀರು ಕಾಯಿಸುವ ರಾಡು ಬಕೆಟ್ಟಿನಲ್ಲಿರುವಾಗಲೇ ಕೈ ಹಾಕಿದ್ದು, ಉರುಸಿಗೋ ಮದುವೆಗೋ ಕಟ್ಟಿದ ಸೀರಿಯಲ್ ದೀಪದ ಬರಿಯ ಜೋಡಣೆ ಮಳೆಯಲ್ಲಿ ನೆನೆದದ್ದು, ಇಷ್ಟು ಸಾಕು. ಯು.ಪಿ.ಎಸ್. ಇರುವ ಮನೆಯಲ್ಲಿ ಮೇನ್ ಆಫ್ ಮಾಡಿದರೂ ಕೆಲವು ತಂತಿಗಳು ಜೀವಂತವಾಗಿಯೇ ಇರುತ್ತವೆ. ಬಂದ ಕೆಲಸಗಾರನಿಗೆ ಅದನ್ನು ಮೊದಲೇ ಹೇಳಿ. ಸಾಯುವವರಲ್ಲಿ ಅವನೂ ಒಬ್ಬನಾಗಬಹುದು. ಏಣಿ ಹಿಡಿಯಲು ಬರುವ ಅವನ ಶಾಗಿರ್ದನಿಗೆ ಹಲವು ವೇಳೆ ನಿಮ್ಮದೇ ವಯಸ್ಸು. ಶಾಲೆ ಬಿಟ್ಟು ಏಣಿ ಹಿಡಿದವನಿಗೂ ಐ.ಟಿ.ಐ.ನಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಸಿದವನಿಗೂ ಇರುವ ವ್ಯತ್ಯಾಸ ಕೂಲಿಯಲ್ಲಿ ಮಾತ್ರ ಕಾಣುವುದಲ್ಲ.

ಕಡೆಯದಾಗಿ ಅರ್ಥಿಂಗ್. ಕಬ್ಬಿಣದ ಪೆಟ್ಟಿಗೆಯ ಫ್ರಿಜ್, ಮೋಟಾರುಗಳಲ್ಲಿ ಸೋರಿದ ಕರೆಂಟು ಹಸಿರು ವೈರಿನ ಮೂಲಕ ಭೂಮಿಗೆ ಹೋಗಬೇಕು. ಅದಕ್ಕಾಗಿ ಗುಂಡಿ ತೋಡಿ, ಸುಮಾರು ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪ್ ಹೂತು, ಸುತ್ತ ಇದ್ದಿಲು, ಉಪ್ಪು ತುಂಬುತ್ತಾರೆ. ಒಣ ಮಣ್ಣು ಕರೆಂಟನ್ನು ಒಯ್ಯುವುದಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ, ಬೋರ್‌ವೆಲ್ ಸಾವಿರ ಅಡಿ ದಾಟಿದ ನಮ್ಮ ಆರು ತಾಲ್ಲೂಕುಗಳಲ್ಲಿ ಬೇಸಿಗೆ ಬಂತೆಂದರೆ ಗುಂಡಿ ಒಣಗಿ, ಪೈಪು ಹೆಸರಿಗೆ ಮಾತ್ರ ನಿಂತಿರುತ್ತದೆ. ಅದರ ಬಾಯಿಯ ಮೇಲೆ ಸಿಮೆಂಟ್ ಹಾಕಿ ಮುಚ್ಚಿಸಿದ್ದರೆ ಒಡೆಸಿ ತೆರೆಯಿರಿ. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೆ ಎರಡು ಬಾರಿ ಒಂದು ಕೊಡ ನೀರು ಹಾಕಿ. ಪಾತ್ರೆ ತೊಳೆದ ನೀರಾದರೂ ಸಾಕು.