ಅಡ್ಡಮಾತಿನ ಜಾಡು: ದೂರವಾಣಿ ತಂತಿಯಿಂದ ಮಂಡಲ ಫಲಕದವರೆಗೆ

ಟ್ರಂಕ್ ಕಾಲ್ ಕಾಲದಲ್ಲಿ ದೂರವಾಣಿ ಬಳಸಿದವರಿಗೆ ಒಂದು ಅನುಭವ ನೆನಪಿರಬಹುದು. ನಾವು ಮಾತನಾಡುತ್ತಿರುವಾಗಲೇ ಹಿನ್ನೆಲೆಯಲ್ಲಿ ಇನ್ನಾರದೋ ಮಾತು ಕ್ಷೀಣವಾಗಿ ಕೇಳಿಬರುತ್ತಿತ್ತು. ಎರಡು ತಂತಿಗಳು ಎಲ್ಲಿಯೂ ಒಂದನ್ನೊಂದು ಮುಟ್ಟದಿದ್ದರೂ ಸಂಕೇತ ಒಂದರಿಂದ ಇನ್ನೊಂದಕ್ಕೆ ದಾಟಬಲ್ಲದು. ಇಂಜಿನಿಯರುಗಳು ಇದನ್ನು ‘ಕ್ರಾಸ್‌ಟಾಕ್’ ಎನ್ನುತ್ತಾರೆ. ನಾವು ‘ಅಡ್ಡಮಾತು’ ಎನ್ನೋಣ. ಇಂದು ಕಂಪ್ಯೂಟರಿನ ಮುದ್ರಿತ ಮಂಡಲ ಫಲಕದಲ್ಲಿ, ಅಂದರೆ ಪಿಸಿಬಿಯಲ್ಲಿ, ಮಿಲಿಮೀಟರಿಗಿಂತ ಕಡಿಮೆ ಅಂತರದಲ್ಲಿ ಸಾಗುವ ತಾಮ್ರದ ಪಟ್ಟಿಗಳ ನಡುವೆಯೂ ಇದೇ ತೊಂದರೆ ಇದೆ. ಅಲ್ಲಿ ದಾಟುವುದು ಮಾತಲ್ಲ. 0 ಇರಬೇಕಾದ ಕಡೆ ಕ್ಷಣಕಾಲ 1 ಎಂಬಂತೆ ತೋರುವ ವೋಲ್ಟೇಜು.

ಈ ತೊಂದರೆಯ ಚರಿತ್ರೆಯುದ್ದಕ್ಕೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ. ಸಂಕೇತ ದಾಟಿದ್ದು ವಿದ್ಯುತ್ ಕ್ಷೇತ್ರದ ಮೂಲಕವೋ, ಕಾಂತಕ್ಷೇತ್ರದ ಮೂಲಕವೋ? ಉತ್ತರ ತಪ್ಪಾದರೆ ಮಾಡುವ ಪರಿಹಾರವೂ ವ್ಯರ್ಥವಾಗುತ್ತದೆ.

ಲಂಡನ್ನಿನ ಒಂದು ರಸ್ತೆಯಲ್ಲಿ

1831ರಲ್ಲಿ ಮೈಕೆಲ್ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ. ಒಂದು ತಂತಿಯಲ್ಲಿ ಪ್ರವಾಹ ಬದಲಾದಾಗ ನೆರೆಯ ತಂತಿಯಲ್ಲಿ ವೋಲ್ಟೇಜು ಹುಟ್ಟುತ್ತದೆಂಬುದು ಆಗಲೇ ತಿಳಿದಿತ್ತು. ಆದರೆ ಟೆಲಿಗ್ರಾಫಿನ ಒರಟು ಉಪಕರಣಗಳಿಗೆ ಇದು ದೊಡ್ಡ ತಲೆನೋವಾಗಿರಲಿಲ್ಲ. 1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ದೂರವಾಣಿ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ದೂರವಾಣಿಯ ಶ್ರವಣಯಂತ್ರ ಅತ್ಯಲ್ಪ ಪ್ರವಾಹವನ್ನೂ ಕೇಳಿಸಬಲ್ಲದು. ಜೊತೆಗೆ ಆರಂಭದ ದೂರವಾಣಿಗಳಿಗೆ ಒಂದೇ ತಂತಿ. ಪ್ರವಾಹ ಭೂಮಿಯ ಮೂಲಕ ಹಿಂದಿರುಗುತ್ತಿತ್ತು.

1884ರಲ್ಲಿ ಲಂಡನ್ನಿನ ಗ್ರೇಸ್ ಇನ್ ರಸ್ತೆಯಲ್ಲಿ ನಡೆದ ಸಂಗತಿ ಆ ಕಾಲದ ತಜ್ಞರನ್ನು ಬೆರಗುಗೊಳಿಸಿತು. ಅಲ್ಲಿ ಟೆಲಿಗ್ರಾಫ್ ತಂತಿಗಳು ನೆಲದಡಿಯ ಕಬ್ಬಿಣದ ಕೊಳವೆಗಳಲ್ಲಿದ್ದವು. ದೂರವಾಣಿ ತಂತಿಗಳು ಮನೆಗಳ ಮೇಲೆ, ಸುಮಾರು 80 ಅಡಿ ಎತ್ತರದಲ್ಲಿದ್ದವು. ಆದರೂ ಟೆಲಿಗ್ರಾಫಿನ ಸಂದೇಶಗಳು ದೂರವಾಣಿಯಲ್ಲಿ ಕೇಳಿಸುತ್ತಿದ್ದವು! ಬ್ರಿಟಿಷ್ ಅಂಚೆ ಇಲಾಖೆಯ ವಿದ್ಯುತ್ ತಜ್ಞ ವಿಲಿಯಂ ಪ್ರೀಸ್ ಇದನ್ನು ವಿದ್ವಾಂಸರ ಗಮನಕ್ಕೆ ತಂದ.

ಪರಿಹಾರದ ಒಂದು ದಾರಿ ಅದಾಗಲೇ ಗೊತ್ತಿತ್ತು. 1881ರಲ್ಲಿ ಬೆಲ್ ಪಡೆದ ಪೇಟೆಂಟಿನಲ್ಲಿ ಭೂಮಿಯ ಬದಲು ಎರಡನೆಯ ತಂತಿಯೊಂದನ್ನು ಬಳಸಿ, ಎರಡನ್ನೂ ಹುರಿಯಂತೆ ಹೆಣೆಯುವ ವಿಧಾನವಿದೆ. ಹೊರಗಿನ ಪ್ರಭಾವ ಎರಡು ತಂತಿಗಳ ಮೇಲೂ ಸಮನಾಗಿ ಬಿದ್ದು ರದ್ದಾಗುತ್ತದೆ. ಅದೇ ವರ್ಷ ಆಲಿವರ್ ಹೆವಿಸೈಡ್ ಸಮಾಂತರ ತಂತಿಗಳ ನಡುವಣ ಪ್ರೇರಣೆಯ ಗಣಿತವನ್ನು ಪ್ರಕಟಿಸಿದ. ಆದರೂ ವಾಸ್ತವದ ದೂರವಾಣಿ ಸಾಲಿನಲ್ಲಿ ಯಾವ ಕ್ಷೇತ್ರದ ಪಾಲು ಹೆಚ್ಚು ಎಂಬುದನ್ನು ಪ್ರಯೋಗವೇ ತೀರ್ಮಾನಿಸಬೇಕಿತ್ತು.

ಕಾರ್ಟಿ ಕಂಡ ಮೌನಬಿಂದು

ಆ ಪ್ರಯೋಗ ಮಾಡಿದವನು ನ್ಯೂಯಾರ್ಕಿನ ದೂರವಾಣಿ ಇಂಜಿನಿಯರ್ ಜಾನ್ ಕಾರ್ಟಿ. 1889ರಲ್ಲಿ ಮತ್ತು 1891ರಲ್ಲಿ ಅವನು ಮಂಡಿಸಿದ ಪ್ರಬಂಧಗಳು ರೋಗನಿದಾನದ ಒಳ್ಳೆಯ ಮಾದರಿಗಳು. ಅವನ ತರ್ಕ ಸರಳವಾದುದು.

ಬಾಧಿತ ತಂತಿಯ ಎರಡೂ ತುದಿಗಳಲ್ಲಿ ಶ್ರವಣಯಂತ್ರಗಳಿವೆ ಎನ್ನಿ. ಅಡ್ಡಮಾತಿಗೆ ಕಾಂತಕ್ಷೇತ್ರ ಕಾರಣವಾಗಿದ್ದರೆ ತಂತಿಯುದ್ದಕ್ಕೂ ಕೋಶಗಳನ್ನು ಶ್ರೇಣಿಯಲ್ಲಿ ಜೋಡಿಸಿದಂತೆ ವೋಲ್ಟೇಜು ಹುಟ್ಟುತ್ತದೆ. ಇಡೀ ಮಂಡಲದಲ್ಲಿ ಒಂದೇ ಪ್ರವಾಹ ಹರಿಯುತ್ತದೆ. ತಂತಿಯ ಮಧ್ಯದಲ್ಲಿ ಮೂರನೆಯ ಶ್ರವಣಯಂತ್ರವನ್ನು ಸೇರಿಸಿದರೆ ಅಲ್ಲಿಯೂ ಸದ್ದು ಕೇಳಬೇಕು. ವಿದ್ಯುತ್ ಕ್ಷೇತ್ರ ಕಾರಣವಾಗಿದ್ದರೆ ಎರಡು ತಂತಿಗಳು ಧಾರಕದ ಎರಡು ಫಲಕಗಳಂತೆ ವರ್ತಿಸುತ್ತವೆ. ಉದ್ದಕ್ಕೂ ಒಳಹೊಕ್ಕ ಪ್ರವಾಹ ಇಬ್ಭಾಗವಾಗಿ ಎರಡು ತುದಿಗಳತ್ತ ಹರಿಯುತ್ತದೆ. ಆಗ ಮಧ್ಯದಲ್ಲಿ ಪ್ರವಾಹವೇ ಇರುವುದಿಲ್ಲ, ಸದ್ದೂ ಇರುವುದಿಲ್ಲ.

ಕಾರ್ಟಿಗೆ ಅಂಥ ಮೌನಬಿಂದು ಸಿಕ್ಕಿತು. ಅಂದಿನ ದೂರವಾಣಿ ಸಾಲುಗಳಲ್ಲಿ ಮುಖ್ಯ ಅಪರಾಧಿ ವಿದ್ಯುತ್ ಕ್ಷೇತ್ರ ಎಂಬುದು ಹೀಗೆ ಖಚಿತವಾಯಿತು. ಸದ್ದು ಎಷ್ಟು ಎಂದು ಅಳೆಯುವುದಷ್ಟೇ ಸಾಲದು, ಎಲ್ಲಿ ಅಳೆಯಬೇಕೆಂಬುದೂ ಮುಖ್ಯ ಎನ್ನುವುದು ಈ ಪ್ರಯೋಗದ ತಿರುಳು.

ಕಿವಿಯಿಂದ ಡೆಸಿಬೆಲ್‌ಗೆ

ಆಗ ಅಳತೆಯ ಉಪಕರಣ ಮನುಷ್ಯನ ಕಿವಿಯೇ. ಪರೀಕ್ಷಕ ಒಮ್ಮೆ ಬಾಧಿತ ತಂತಿಯ ಸದ್ದನ್ನು ಕೇಳುತ್ತಿದ್ದ. ಮತ್ತೊಮ್ಮೆ ಮೂಲ ಸಂಕೇತವನ್ನೇ ತಿಳಿದ ಪ್ರಮಾಣದಲ್ಲಿ ತಗ್ಗಿಸಿ ಕೇಳುತ್ತಿದ್ದ. ಎರಡೂ ಸಮನಾಗಿ ಕೇಳಿಸಿದಾಗ, ತಗ್ಗಿಸಿದ ಪ್ರಮಾಣವೇ ಅಡ್ಡಮಾತಿನ ಅಳತೆ. ಇಂಥ ಹೋಲಿಕೆಗಳಿಗೆ ಮೊದಲು ‘ಒಂದು ಮೈಲಿ ಪ್ರಮಾಣಿತ ಕೇಬಲ್’ ಎಂಬ ಮಾನವಿತ್ತು. 1920ರ ದಶಕದಲ್ಲಿ ಬೆಲ್ ವ್ಯವಸ್ಥೆಯ ಇಂಜಿನಿಯರುಗಳು ಅದರ ಬದಲು ಲಾಗರಿದಮ್ ಆಧಾರಿತ ಮಾನವೊಂದನ್ನು ತಂದರು. ಅದೇ ಡೆಸಿಬೆಲ್. ಬಾಧಿತ ತಂತಿಯ ವೋಲ್ಟೇಜು ಮೂಲದ ಹತ್ತನೆಯ ಒಂದು ಭಾಗವಾದರೆ ವ್ಯತ್ಯಾಸ 20 ಡೆಸಿಬೆಲ್. ಸಾವಿರದ ಒಂದು ಭಾಗವಾದರೆ 60 ಡೆಸಿಬೆಲ್. ಇಂದಿನ ಪಿಸಿಬಿ ತಂತ್ರಜ್ಞರೂ ಇದೇ ಮಾನವನ್ನು ಬಳಸುತ್ತಾರೆ.

ತಂತಿಯ ಜಾಗಕ್ಕೆ ತಾಮ್ರದ ಪಟ್ಟಿ

ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಪಾಲ್ ಐಸ್ಲರ್ 1936ರಲ್ಲಿ ಮುದ್ರಿತ ಮಂಡಲವಿರುವ ರೇಡಿಯೋ ತಯಾರಿಸಿದ. 1943ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ. ರೇಡಿಯೋಗಳಲ್ಲಿ ಪಟ್ಟಿಗಳ ನಡುವಣ ಅಡ್ಡಮಾತು ಹತೋಟಿಯಲ್ಲಿತ್ತು. ಅದು ಗಂಭೀರವಾದದ್ದು ವೇಗದ ತರ್ಕಮಂಡಲಗಳು ಬಂದಾಗ. 1962ರಲ್ಲಿ ಮೊಟೊರೋಲ ಕಂಪನಿಯ ಇಸಿಎಲ್ ಮಾದರಿಯ ಸಂಯೋಜಿತ ಮಂಡಲಗಳು ಮಾರುಕಟ್ಟೆಗೆ ಬಂದವು. ಸಂಕೇತ 0ಯಿಂದ 1ಕ್ಕೆ ಏರುವ ಕಾಲ ಕೆಲವೇ ನ್ಯಾನೋಸೆಕೆಂಡುಗಳಿಗೆ ಇಳಿಯಿತು. ಸಾಮಾನ್ಯ ಫಲಕದಲ್ಲಿ ಸಂಕೇತ ಒಂದು ನ್ಯಾನೋಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್ ಸಾಗುತ್ತದೆ. ಆದ್ದರಿಂದ ಗೇಣುದ್ದದ ಪಟ್ಟಿಯನ್ನೂ ಇನ್ನು ಮುಂದೆ ಅಲೆ ಸಾಗುವ ಪ್ರೇಷಣ ಮಾರ್ಗವೆಂದೇ ಪರಿಗಣಿಸಬೇಕಾಯಿತು. 1963ರಲ್ಲಿ ಡಿ. ಬಿ. ಜಾರ್ವಿಸ್ ಪ್ರಕಟಿಸಿದ ಪ್ರಬಂಧ ವೇಗದ ತರ್ಕಮಂಡಲಗಳ ಮೇಲೆ ಜೋಡಣೆ ತಂತಿಗಳ ಪರಿಣಾಮವನ್ನು ಈ ದೃಷ್ಟಿಯಿಂದ ವಿಶ್ಲೇಷಿಸಿತು.

ಕಾರ್ಟಿಯ ಪ್ರಶ್ನೆ ಇಲ್ಲಿ ಹೊಸ ರೂಪದಲ್ಲಿ ಬಂತು. ದೂರವಾಣಿ ಸಾಲಿನಲ್ಲಿ ಒಂದು ಕ್ಷೇತ್ರ ಮೇಲುಗೈ ಪಡೆದಿತ್ತು. ಫಲಕದ ಪಟ್ಟಿಯ ತುದಿಗಳಲ್ಲಿ ಅದರ ಲಾಕ್ಷಣಿಕ ಪ್ರತಿಬಾಧೆಗೆ ಸಮನಾದ ರೋಧಕಗಳಿದ್ದರೆ ಎರಡೂ ಕ್ಷೇತ್ರಗಳ ಪಾಲು ಬಹುತೇಕ ಸಮ. ಸಂಕೇತ ಹೊರಡುವ ಕಡೆಯ ಹತ್ತಿರದ ತುದಿಯಲ್ಲಿ ಎರಡೂ ಪರಿಣಾಮಗಳು ಕೂಡುತ್ತವೆ. ದೂರದ ತುದಿಯಲ್ಲಿ ಒಂದನ್ನೊಂದು ಕಳೆಯುತ್ತವೆ. ಪಟ್ಟಿಗಳು ಎರಡು ಭೂಪದರಗಳ ನಡುವೆ, ಒಂದೇ ಅವಾಹಕದಲ್ಲಿ ಹುದುಗಿದ್ದರೆ ದೂರದ ತುದಿಯಲ್ಲಿ ಅಡ್ಡಮಾತು ಹೆಚ್ಚುಕಡಿಮೆ ಸೊನ್ನೆ. ಇದು ಒಂದರ್ಥದಲ್ಲಿ ಫಲಕದ ಮೌನಬಿಂದು. ಪಟ್ಟಿಗಳು ಫಲಕದ ಹೊರಮೈಯಲ್ಲಿದ್ದರೆ ವಿದ್ಯುತ್ ಕ್ಷೇತ್ರದ ಒಂದು ಭಾಗ ಗಾಳಿಯಲ್ಲಿ ಹರಡುತ್ತದೆ, ಅದರ ಪಾಲು ಕುಗ್ಗುತ್ತದೆ, ಕಾಂತಕ್ಷೇತ್ರ ಗೆಲ್ಲುತ್ತದೆ. ಆಗ ದೂರದ ತುದಿಯಲ್ಲಿ ಮೂಲ ಸಂಕೇತಕ್ಕೆ ವಿರುದ್ಧ ಚಿಹ್ನೆಯ ಚೂಪಾದ ಮಿಡಿತ ಕಾಣಿಸುತ್ತದೆ. ಪಟ್ಟಿ ಉದ್ದವಾದಷ್ಟೂ ಅದು ದೊಡ್ಡದಾಗುತ್ತದೆ.

ಅಲೆಯನ್ನು ಕಂಡ ಉಪಕರಣ

ಇಷ್ಟು ಕ್ಷಿಪ್ರ ಮಿಡಿತಗಳನ್ನು ನೋಡುವುದು ಹೇಗೆ? 1960ರ ಸುಮಾರಿಗೆ ಬಂದ ಸ್ಯಾಂಪ್ಲಿಂಗ್ ಆಸಿಲೋಸ್ಕೋಪು ಇದನ್ನು ಸಾಧ್ಯಗೊಳಿಸಿತು. ಪುನರಾವರ್ತಿಸುವ ಸಂಕೇತದಿಂದ ಪ್ರತಿ ಸಲ ಒಂದೊಂದು ಬಿಂದುವನ್ನು ಆಯ್ದು ಅದು ಪೂರ್ಣ ಚಿತ್ರ ಕಟ್ಟುತ್ತದೆ. 1964ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಬರ್ನಾರ್ಡ್ ಆಲಿವರ್, ಕಡಿದಾಗಿ ಏರುವ ಮೆಟ್ಟಿಲಿನಾಕಾರದ ಸಂಕೇತವನ್ನು ತಂತಿಗೆ ಕಳುಹಿಸಿ ಮರಳಿ ಬರುವ ಪ್ರತಿಫಲನವನ್ನು ಅಳೆಯುವ ವಿಧಾನವನ್ನು ವಿವರಿಸಿದ. ಟಿಡಿಆರ್ ಎಂದು ಹೆಸರಾದ ಈ ವಿಧಾನದಲ್ಲಿ ಕಾಲವನ್ನು ಅಳೆದರೆ ದೋಷದ ಸ್ಥಳ ತಿಳಿಯುತ್ತದೆ. ಇದೇ ಆಲಿವರ್ 1954ರಲ್ಲೇ ಜೋಡಿ ಮಾರ್ಗಗಳಲ್ಲಿ ಸಂಕೇತ ಹಿಮ್ಮುಖವಾಗಿ ದಾಟುವುದನ್ನು ಕುರಿತು ಬರೆದಿದ್ದ.

ಮೆಟ್ಟಿಲು ಸಂಕೇತವನ್ನು ಒಂದು ಪಟ್ಟಿಗೆ ಕೊಟ್ಟು ನೆರೆಯ ಪಟ್ಟಿಯ ಎರಡು ತುದಿಗಳನ್ನು ನೋಡಿದರೆ ಅಡ್ಡಮಾತಿನ ಜಾತಕವೇ ಸಿಗುತ್ತದೆ. ಹತ್ತಿರದ ತುದಿಯಲ್ಲಿ ಕಾಣುವ ಚಪ್ಪಟೆ ಮಿಡಿತದ ಅವಧಿ, ಸಂಕೇತ ಜೊತೆಯಾಗಿ ಸಾಗಿದ ಭಾಗವನ್ನು ದಾಟಲು ಬೇಕಾದ ಕಾಲದ ಎರಡರಷ್ಟು. 2 ನ್ಯಾನೋಸೆಕೆಂಡಿನ ಮಿಡಿತ ಕಂಡರೆ ಪಟ್ಟಿಗಳು ಸುಮಾರು 15 ಸೆಂಟಿಮೀಟರ್ ದೂರ ಅಕ್ಕಪಕ್ಕ ಸಾಗಿವೆ ಎಂದರ್ಥ.

ತರಗತಿಯಲ್ಲಿ ರೋಗನಿದಾನ

1976ರಲ್ಲಿ ಪ್ರಕಟವಾದ ಹೆನ್ರಿ ಆಟ್‌ನ ಪುಸ್ತಕದಲ್ಲಿ ಕಾರ್ಟಿಯ ತರ್ಕದ ನೇರ ವಾರಸುದಾರನಂತಿರುವ ಪರೀಕ್ಷೆಯೊಂದಿದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನು ಮಾಡಿ ನೋಡಬಹುದು. ಮೂರು ಮೀಟರ್ ರಿಬ್ಬನ್ ಕೇಬಲ್ ತೆಗೆದುಕೊಳ್ಳಿ. ಅಕ್ಕಪಕ್ಕದ ಮೂರು ತಂತಿಗಳಲ್ಲಿ ಮೊದಲನೆಯದು ಸಂಕೇತಕ್ಕೆ, ಎರಡನೆಯದು ಬಾಧಿತ ತಂತಿ, ಮೂರನೆಯದು ಎರಡಕ್ಕೂ ಸಮಾನ ಭೂತಂತಿ. ಬಾಧಿತ ತಂತಿಯ ಎರಡೂ ತುದಿಗಳಿಂದ ಭೂತಂತಿಗೆ 1000 ಓಮ್ ರೋಧಕಗಳನ್ನು ಜೋಡಿಸಿ. ಸಂಕೇತ ಜನಕದಿಂದ 200 ಕಿಲೋಹರ್ಟ್ಸ್ ಸೈನ್ ತರಂಗವನ್ನು 47 ಓಮ್ ರೋಧಕದ ಮೂಲಕ ಮೊದಲನೆಯ ತಂತಿಗೆ ಕೊಡಿ. ಬಾಧಿತ ತಂತಿಯ ಹತ್ತಿರದ ತುದಿಯ ವೋಲ್ಟೇಜನ್ನು ಆಸಿಲೋಸ್ಕೋಪಿನಲ್ಲಿ ನೋಡುತ್ತಾ, ದೂರದ ತುದಿಯ ರೋಧಕವನ್ನು 100 ಓಮ್‌ಗೆ ಬದಲಿಸಿ.

ಮೊದಲನೆಯ ತಂತಿಯ ದೂರದ ತುದಿ ತೆರೆದಿದ್ದರೆ ಅದರಲ್ಲಿ ಪ್ರವಾಹ ಅತ್ಯಲ್ಪ, ವೋಲ್ಟೇಜು ಪೂರ್ಣ. ವಿದ್ಯುತ್ ಕ್ಷೇತ್ರದ್ದೇ ಆಟ. ಆಗ ಬಾಧಿತ ತಂತಿಯ ಎರಡು ರೋಧಕಗಳು ಸಮಾಂತರದಲ್ಲಿರುವಂತೆ ವರ್ತಿಸುತ್ತವೆ. ವೋಲ್ಟೇಜು ಸುಮಾರು ಐದನೆಯ ಒಂದು ಭಾಗಕ್ಕೆ ಇಳಿಯಬೇಕು. ಅದೇ ತುದಿಯನ್ನು ಭೂತಂತಿಗೆ ಸೇರಿಸಿದರೆ ಪ್ರವಾಹ ಹೆಚ್ಚಿ ಕಾಂತಕ್ಷೇತ್ರ ಮೇಲುಗೈ ಪಡೆಯುತ್ತದೆ. ಆಗ ರೋಧಕಗಳು ಶ್ರೇಣಿಯಲ್ಲಿರುವಂತೆ ವರ್ತಿಸುತ್ತವೆ. ವೋಲ್ಟೇಜು ಹೆಚ್ಚುಕಡಿಮೆ ಇಮ್ಮಡಿಯಾಗಬೇಕು. ಒಂದೇ ಬದಲಾವಣೆಗೆ ಎರಡು ವಿರುದ್ಧ ಫಲಿತಾಂಶಗಳು! ರೋಧಕ ಬದಲಿಸುವ ಮೊದಲೇ ಉತ್ತರವನ್ನು ಊಹಿಸಲು ವಿದ್ಯಾರ್ಥಿಗಳಿಗೆ ಹೇಳಿ.

ಒಂದು ಎಚ್ಚರಿಕೆ ಅಗತ್ಯ. ಆಸಿಲೋಸ್ಕೋಪಿನ ಪ್ರೋಬಿನ ಭೂತಂತಿಯೂ ಒಂದು ಸುರುಳಿಯೇ. ಅದೂ ಕಾಂತಕ್ಷೇತ್ರವನ್ನು ಹಿಡಿಯುತ್ತದೆ. ಅಳೆಯುವ ಮೊದಲು ಪ್ರೋಬಿನ ಮೊನೆಯನ್ನು ಅದರದೇ ಭೂಸಂಪರ್ಕದ ಬಿಂದುವಿಗೆ ಮುಟ್ಟಿಸಿ ನೋಡಿ. ಆಗಲೂ ಪರದೆಯ ಮೇಲೆ ಮಿಡಿತ ಕಂಡರೆ ಅಷ್ಟು ಪಾಲು ಅಳತೆಯದೇ ದೋಷ, ಫಲಕದ್ದಲ್ಲ.

ಎಂಟು ಪಟ್ಟಿಗಳ ಪೈಕಿ ಏಳು ಒಮ್ಮೆಲೇ ಬದಲಾದಾಗ ಮಾತ್ರ ಎಂಟನೆಯದು ತಪ್ಪು ಓದುವ ಫಲಕವನ್ನು ದುರಸ್ತಿ ಮಾಡುವವರಿಗೆ ಈ ತಿಳಿವಳಿಕೆ ಬಹಳ ಉಪಯುಕ್ತ. ವಿದ್ಯುತ್ ಕ್ಷೇತ್ರ ಕಾರಣವಾದರೆ ನಡುವೆ ಭೂಸಂಪರ್ಕವಿರುವ ತೆರೆ ಸಾಕು. ಕಾಂತಕ್ಷೇತ್ರ ಕಾರಣವಾದರೆ ಪ್ರವಾಹ ಹಿಂದಿರುಗುವ ದಾರಿಯನ್ನು ಹುಡುಕಬೇಕು. ಪಟ್ಟಿಗಳ ಕೆಳಗಿನ ಭೂಪದರದಲ್ಲಿ ಸೀಳೊಂದಿದ್ದರೆ ಹಿಂದಿರುಗುವ ಪ್ರವಾಹಗಳು ಅದನ್ನು ಬಳಸಿಕೊಂಡು ಒಂದೇ ದಾರಿಯಲ್ಲಿ ಸೇರುತ್ತವೆ. ಅಂಥ ಕಡೆ ಪಟ್ಟಿಗಳನ್ನು ಇನ್ನಷ್ಟು ದೂರ ಸರಿಸುವುದಕ್ಕಿಂತ ಆ ಸೀಳನ್ನು ಮುಚ್ಚುವುದೇ ಸರಿಯಾದ ಚಿಕಿತ್ಸೆ.