ಕೊಡಗಿನ ಸರ್ಪಗಂಧವೂ ಖಿನ್ನತೆಯ ಔಷಧ ಸಿದ್ಧಾಂತವೂ

ಕೊಡಗಿನ ತೇವದ ಕಾಡುಗಳಲ್ಲಿ ಮರಗಳ ನೆರಳನ್ನಾಶ್ರಯಿಸಿ ಬೆಳೆಯುವ ಒಂದು ಸಣ್ಣ ಗಿಡವುಂಟು. ಇದಕ್ಕೆ ಸರ್ಪಗಂಧವೆಂದೂ ಸೂತ್ರನಾಭಿಯೆಂದೂ ಹೆಸರು. ಪಶ್ಚಿಮಘಟ್ಟದ ಇತರ ಭಾಗಗಳಲ್ಲಿಯೂ ಹಿಮಾಲಯದ ತಪ್ಪಲಿನಲ್ಲಿಯೂ ಇದು ದೊರೆಯುತ್ತದೆ. ಇದರ ಬೇರು ಉನ್ಮಾದಕ್ಕೂ ನಿದ್ರಾನಾಶಕ್ಕೂ ಮದ್ದೆಂದು ದೇಶೀಯ ವೈದ್ಯರಲ್ಲಿ ಬಹುಕಾಲದಿಂದ ಪ್ರಸಿದ್ಧವಾಗಿತ್ತು. ಮಿದುಳಿನ ಕೆಲವು ದ್ರವ್ಯಗಳ ಕೊರತೆಯೇ ಖಿನ್ನತೆಗೆ ಕಾರಣವೆಂಬ ಆಧುನಿಕ ಸಿದ್ಧಾಂತದ ಮೂಲವನ್ನರಸಿ ಹೋದರೆ ಈ ಬೇರಿನ ಬಳಿಗೇ ಬರಬೇಕಾಗುತ್ತದೆ. ಆ ಮೂಲವು ಎಷ್ಟು ದೃಢವಾದುದೆಂಬುದು ವಿಚಾರಾರ್ಹವಾದ ವಿಷಯ.

1931ರಲ್ಲಿ ಕಲಕತ್ತೆಯ ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ ಈ ಬೇರು ಉನ್ಮಾದವನ್ನೂ ರಕ್ತದ ಒತ್ತಡವನ್ನೂ ಶಮನಗೊಳಿಸುವುದೆಂದು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರ ಲೇಖನವು ಅದನ್ನು ಪಾಶ್ಚಾತ್ಯ ವೈದ್ಯರ ಗಮನಕ್ಕೆ ತಂದಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯವರು ಬೇರಿನಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ರಕ್ತದ ಒತ್ತಡಕ್ಕಾಗಿ ಅದನ್ನು ಸೇವಿಸಿದ ಕೆಲವರು ಖಿನ್ನತೆಗೊಳಗಾದರೆಂಬ ವರದಿಗಳು ಬಂದವು. 1955ರಲ್ಲಿ ಅಮೆರಿಕದ ಬ್ರೋಡಿಯೂ ಅವನ ಸಂಗಡಿಗರೂ ರಿಸರ್ಪಿನ್ ಪ್ರಾಣಿಗಳ ಮಿದುಳಿನಲ್ಲಿ ಸಿರೊಟೋನಿನ್ನನ್ನು ಬರಿದುಮಾಡುವುದೆಂದು ತೋರಿಸಿದರು. ಇವೆರಡನ್ನೂ ಜೋಡಿಸಿ ಕೊರತೆಯ ಸಿದ್ಧಾಂತವನ್ನು ಕಟ್ಟಲಾಯಿತು. ಆದರೆ ಅದೇ ವರ್ಷ ಲಂಡನ್ನಿನ ಡೇವೀಸ್ ಮತ್ತು ಷೆಪರ್ಡ್ ಎಂಬವರು ಆತಂಕವೂ ಖಿನ್ನತೆಯೂ ಉಳ್ಳ ರೋಗಿಗಳಿಗೆ ರಿಸರ್ಪಿನ್ನಿಂದ ಗುಣವಾಯಿತೆಂದು ವರದಿಮಾಡಿದ್ದರು. ಈ ಮಾತು ಹಿಂದೆ ಬಿದ್ದಿತು.

ಸಿದ್ಧಾಂತಕ್ಕೆ ಮತ್ತೊಂದು ತೊಡಕು ಕಾಲದ್ದು. 1957ರಲ್ಲಿ ರೋಲಂಡ್ ಕೂನ್ ಖಿನ್ನತೆಗೆ ಹಿತವೆಂದು ಪ್ರಕಟಿಸಿದ ಇಮಿಪ್ರಮಿನ್ ಮಿದುಳಿನ ದ್ರವ್ಯಗಳ ಮೇಲೆ ಕೆಲವು ಗಂಟೆಗಳಲ್ಲೇ ಪ್ರಭಾವ ಬೀರುವುದಾದರೂ, ರೋಗಿಗೆ ಗುಣ ಕಾಣಲು ವಾರಗಳು ಬೇಕು. ಕೊರತೆಯೊಂದೇ ಕಾರಣವಾದರೆ ಈ ವಿಳಂಬವೇಕೆ?

ಇದಲ್ಲದೆ ಮದ್ದು ಒಡಲನ್ನು ಹೊಕ್ಕಂತೆಯೇ ಉಳಿಯುವುದಿಲ್ಲ. ಕಕ್ಕಡ ತಿಂಗಳ 18ನೆಯ ದಿನ ಮದ್ದುಸೊಪ್ಪಿನ ಪಾಯಸವನ್ನುಂಡವರ ಮೂತ್ರಕ್ಕೆ ಬಣ್ಣವೇರುವುದನ್ನು ಕೊಡಗಿನವರೆಲ್ಲರೂ ಬಲ್ಲರು. ಆದರೆ ಬಣ್ಣವಿಲ್ಲದ ಮಾರ್ಪಾಡು ಕಣ್ಣಿಗೆ ಬೀಳದು. ಇಮಿಪ್ರಮಿನ್ ಯಕೃತ್ತಿನಲ್ಲಿ ಡೆಸಿಪ್ರಮಿನ್ ಆಗುತ್ತದೆ. ಆ ಮಾರ್ಪಟ್ಟ ವಸ್ತುವೂ ಸ್ವತಃ ಮದ್ದೇ.

1962ರಲ್ಲಿ ಅರಿವಳಿಕೆಗೆಂದು ಸಿದ್ಧಪಡಿಸಿದ ಕೆಟಮಿನ್ ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಎಬ್ಬಿಸಿತು. ಅಲ್ಪ ಪ್ರಮಾಣದಲ್ಲಿ ಕೊಟ್ಟ ಇದು ಖಿನ್ನತೆಯನ್ನು ಕೆಲವೇ ದಿನಗಳಲ್ಲಿ ತಗ್ಗಿಸಿತೆಂದು 2000ದಲ್ಲಿಯೂ, ಎರಡು ಗಂಟೆಗಳೊಳಗೇ ತಗ್ಗಿಸಿತೆಂದು 2006ರಲ್ಲಿಯೂ ಪ್ರಕಟವಾಯಿತು. ಇದು ಮುಖ್ಯವಾಗಿ ತಡೆಯುವುದು ಗ್ಲುಟಮೇಟಿನ ಒಂದು ಗ್ರಾಹಕವನ್ನು. ಆದರೆ 2016ರಲ್ಲಿ ಇಲಿಗಳ ಮೇಲೆ ನಡೆದ ಪರೀಕ್ಷೆಯು ಕೆಟಮಿನ್ನಿನಿಂದ ಒಡಲಲ್ಲಿ ಹುಟ್ಟುವ ಹೈಡ್ರಾಕ್ಸಿನಾರ್‌ಕೆಟಮಿನ್ನೇ ಗುಣಕಾರಿಯೆಂದು ಸೂಚಿಸಿತು. ಈ ವಾದವಿನ್ನೂ ಇತ್ಯರ್ಥವಾಗಿಲ್ಲ. ಆದರೂ 2019ರಲ್ಲಿ ಎಸ್‌ಕೆಟಮಿನ್ ಅಮೆರಿಕದಲ್ಲಿ ಔಷಧವಾಗಿ ಅಂಗೀಕೃತವಾಯಿತು.

ರಿಸರ್ಪಿನ್ ಖಿನ್ನತೆಯನ್ನುಂಟುಮಾಡುವುದೆಂಬ ಮಾತಿಗೂ ದೃಢವಾದ ಆಧಾರವಿಲ್ಲವೆಂದು ಈಚಿನ ಸಮೀಕ್ಷೆಗಳು ತೋರಿಸಿವೆ. ಮದ್ದಿನ ಗುಣವು ಅನುಭವಸಿದ್ಧವಾದುದು. ಅದಕ್ಕೆ ಹೇಳುವ ಕಾರಣವು ಆಯಾ ಕಾಲದ ಊಹೆ. ಇವೆರಡನ್ನೂ ಒಂದೇ ಎಂದೆಣಿಸಿದುದರಿಂದ ಒಂದು ಗಿಡದ ಬೇರಿನ ಮೇಲೆ ಅದು ಹೊರಲಾರದಷ್ಟು ದೊಡ್ಡ ಸಿದ್ಧಾಂತವನ್ನು ಹೊರಿಸಿದಂತಾಯಿತು.