ಬಂಡೆಯ ಬಿರುಕಿನಲ್ಲಿ ನೀರಿನ ಜಾಡು

ಹಂಪಿ ಬಜಾರ್ ಸುತ್ತಲಿನ ಬಂಡೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಶಿಲೆಗಳು. ಮರಳಿನಲ್ಲಿರುವಂತೆ ಇವುಗಳಲ್ಲಿ ನೀರು ಹಿಡಿದಿಡುವ ರಂಧ್ರಗಳಿಲ್ಲ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಹರಿಯುವುದು ಅದರಡಿಯ ಬಿರುಕುಗಳಲ್ಲಿ. ಒಂದು ಕೊಳವೆ ಬಾವಿ ಉಕ್ಕಿದರೆ ಐವತ್ತು ಅಡಿ ಆಚೆ ಕೊರೆಸಿದ್ದರಲ್ಲಿ ಬರೀ ಕಲ್ಲಿನ ಪುಡಿ ಏಳುವುದು ಈ ಕಾರಣಕ್ಕೇ. ಎರಡು ಬಾವಿಗಳ ನೀರಿನ ಮಟ್ಟ ಒಂದೇ ಇದ್ದರೂ ಅವುಗಳ ನಡುವೆ ಸಂಪರ್ಕವಿದೆ ಎನ್ನಲಾಗದು. ಇಂಥಲ್ಲಿ ಭೂವಿಜ್ಞಾನಿಗಳು ಮೊರೆಹೋಗುವುದು ನೀರಿನಲ್ಲಿ ಕರಗಿರುವ ಲವಣಗಳಿಗೆ.

ಮಳೆನೀರು ಮಣ್ಣಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ಸೌಮ್ಯ ಆಮ್ಲವಾಗುತ್ತದೆ. ಅದು ಗ್ರಾನೈಟಿನ ಫೆಲ್ಡ್‌ಸ್ಪಾರ್ ಖನಿಜವನ್ನು ನಿಧಾನವಾಗಿ ಕರಗಿಸಿ ಕ್ಯಾಲ್ಸಿಯಂ, ಸೋಡಿಯಂ, ಸಿಲಿಕಾ, ಬೈಕಾರ್ಬೊನೇಟ್‌ಗಳನ್ನು ಹೊತ್ತುಕೊಳ್ಳುತ್ತದೆ. ಹೊಸದಾಗಿ ಇಂಗಿದ ನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಮುಂದು. ಬಹುಕಾಲ ಕಲ್ಲಿನೊಡನೆ ಒಡನಾಡಿದ ನೀರಿನಲ್ಲಿ ಸೋಡಿಯಂ ಮೇಲುಗೈ ಪಡೆಯುತ್ತದೆ. ಕ್ಯಾಲ್ಸಿಯಂ ಇಳಿದಂತೆ ಫ್ಲೋರೈಡ್ ಏರುವುದು ಇದರ ಕಹಿ ಫಲ. ಬಳ್ಳಾರಿ, ಕೊಪ್ಪಳ ಭಾಗದ ಹಲವು ಹಳ್ಳಿಗಳಿಗೆ ಈ ಸಮಸ್ಯೆ ಚಿರಪರಿಚಿತ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ ಮಾತ್ರ 1.5ರವರೆಗೆ ಭಾರತೀಯ ಮಾನಕದ ಸಮ್ಮತಿ ಇದೆ. ಸಂಡೂರಿನ ಅದಿರು ಪಟ್ಟಿಯ ಶಿಲೆಗಳ ಗುಣವೇ ಬೇರೆ. ಅಲ್ಲಿನ ಮಣ್ಣು ಕೆಂಪಗಿದೆ ಎಂದ ಮಾತ್ರಕ್ಕೆ ಬಾವಿನೀರಿನಲ್ಲಿ ಕಬ್ಬಿಣ ತುಂಬಿರಬೇಕಿಲ್ಲ. ಆಮ್ಲಜನಕವಿರುವ ನೀರಿನಲ್ಲಿ ಕಬ್ಬಿಣ ಕರಗುವುದು ಅತ್ಯಲ್ಪ.

ಕ್ಲೋರೈಡ್ ಎಂಬ ಗುರುತು

ಜಾಡು ಹಿಡಿಯಲು ಹೆಚ್ಚು ಭರವಸೆಯದು ಕ್ಲೋರೈಡ್. ಅದು ಕಲ್ಲಿನೊಡನೆ ಬಹುತೇಕ ವರ್ತಿಸುವುದಿಲ್ಲ. ಉದಾಹರಣೆಗೆ, ನದಿನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ, ದೂರದ ಬಾವಿಯಲ್ಲಿ 120, ನಡುವಣ ಬಾವಿಯಲ್ಲಿ 70 ಇದ್ದರೆ ನಡುವಿನದಕ್ಕೆ ಎರಡೂ ಕಡೆಯಿಂದ ಸಮಪಾಲು ನೀರು ಬರುತ್ತಿದೆಯೆಂದು ಊಹಿಸಬಹುದು. ಆದರೆ ಕೊಳಚೆ ಗುಂಡಿಗಳೂ ಗೊಬ್ಬರವೂ ಕ್ಲೋರೈಡ್ ಸೇರಿಸುತ್ತವೆ. ಆದ್ದರಿಂದ ಜೊತೆಗೆ ನೈಟ್ರೇಟ್ ನೋಡಲೇಬೇಕು.

ಬಂಡೀಪುರದ ಮೂಲೆಹೊಳೆ ಅರಣ್ಯದಲ್ಲಿ 2003ರಿಂದ 2006ರವರೆಗೆ ಭಾರತ–ಫ್ರಾನ್ಸ್ ವಿಜ್ಞಾನಿಗಳು ಕ್ಲೋರೈಡ್ ಲೆಕ್ಕಾಚಾರವನ್ನು ಇತರ ವಿಧಾನಗಳೊಡನೆ ಬಳಸಿದರು. ಮಳೆಯಿಂದ ನೇರವಾಗಿ ಇಂಗುವುದು ವರ್ಷಕ್ಕೆ 45 ಮಿಲಿಮೀಟರ್, ಪ್ರವಾಹ ಕಾಲದಲ್ಲಿ ಹಳ್ಳದ ಮೂಲಕ ಇಂಗುವುದು 30 ಮಿಲಿಮೀಟರ್ ಎಂಬುದು ಅವರ ಅಂದಾಜು. ಕಾಡಿನಲ್ಲೂ ಇಷ್ಟೇ ಎಂಬುದು ಗಮನಾರ್ಹ.

ಹೊಸಪೇಟೆ, ಕಂಪ್ಲಿ ಕಡೆ ಲೆಕ್ಕ ಇಷ್ಟು ಸರಳವಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಬಂದ ಮೇಲೆ ಹೊಸ ಕಾಲುವೆಗಳ ನೀರೂ ನೆಲಕ್ಕೆ ಇಂಗತೊಡಗಿತು; ವಿಜಯನಗರ ಕಾಲದ ಕಾಲುವೆಗಳು ಮೊದಲೇ ಇದ್ದವು. ಜಲಾಶಯದಲ್ಲಿ ಆವಿಯಾದ ನೀರಿನಲ್ಲಿ ಭಾರದ ಆಮ್ಲಜನಕ, ಭಾರದ ಜಲಜನಕದ ಪ್ರಮಾಣ ಹೆಚ್ಚು. ಬಾವಿನೀರಿನಲ್ಲಿ ಈ ಗುರುತು ಕಂಡರೆ ಅದು ಕಾಲುವೆಯ ಕೊಡುಗೆಯೆಂದು ಶಂಕಿಸಲು ಆಧಾರವಾಗುತ್ತದೆ. ನೀರಿನ ವಯಸ್ಸಿಗೆ ಟ್ರಿಟಿಯಂ ನೆರವಾಗುತ್ತದೆ. ಇದರ ಅರ್ಧಾಯುಷ್ಯ 12.3 ವರ್ಷ. ಟ್ರಿಟಿಯಂ ಕಾಣಿಸದ ನೀರು ಬಹುತೇಕ 1950ರ ದಶಕದ ಅಣುಬಾಂಬ್ ಪರೀಕ್ಷೆಗಳಿಗೂ ಮುಂಚೆ ಇಂಗಿದ್ದು. ಹಾಗಿದ್ದರೆ ಆ ಕೊಳವೆ ಬಾವಿ ಬತ್ತಿದ ಮೇಲೆ ಒಂದೆರಡು ಮಳೆಗಾಲದಲ್ಲಿ ತುಂಬೀತೆಂದು ನಂಬುವಂತಿಲ್ಲ.

ಮಾದರಿ ತೆಗೆಯುವಲ್ಲೇ ಹೆಚ್ಚಿನ ತಪ್ಪು ನುಸುಳುವುದು. ಕೊಳವೆಯಲ್ಲಿ ನಿಂತ ನೀರನ್ನು ಹೊರಹಾಕಿ, ಉಷ್ಣತೆ ಹಾಗೂ ವಿದ್ಯುತ್ ವಾಹಕತೆ ಸ್ಥಿರವಾದ ಮೇಲಷ್ಟೇ ಬಾಟಲಿ ತುಂಬಬೇಕು. ಮುಂಗಾರಿಗೆ ಮುನ್ನ ಒಮ್ಮೆ, ಅನಂತರ ಒಮ್ಮೆ ಮಾದರಿ ಬೇಕು. ಧನ, ಋಣ ಅಯಾನುಗಳ ಮೊತ್ತದಲ್ಲಿ ಶೇಕಡಾ 5ರಿಂದ 10ಕ್ಕಿಂತ ಹೆಚ್ಚು ಅಂತರ ಬಂದರೆ ಆ ವಿಶ್ಲೇಷಣೆಯನ್ನು ಕೈಬಿಡುವುದು ವಾಡಿಕೆ. ಗ್ರಾನೈಟನ್ನು ಸೀಳಿಕೊಂಡು ನಿಂತ ಡೋಲರೈಟ್ ಶಿಲೆಯ ಗೋಡೆಗಳು ಕೆಲವೆಡೆ ಹರಿವನ್ನು ತಡೆಯುತ್ತವೆ. ಗೋಡೆಯ ಆಚೀಚೆಯ ಎರಡು ಬಾವಿಗಳ ನೀರಿನ ರಸಾಯನ ಪೂರ್ತಿ ಬೇರೆಯಾಗಿದ್ದರೆ, ಒಂದರ ಬಳಿಯ ಕೊಳಚೆ ಗುಂಡಿ ಇನ್ನೊಂದನ್ನು ಕೆಡಿಸಿದೆಯೆಂಬ ದೂರಿಗೆ ಬಲ ಬರುವುದಿಲ್ಲ.